ಗೌನು ವಿಶ್ವವಿದ್ಯಾನಿಲಯದ್ದು, ಮಾತು ಹಾಸ್ಟೆಲಿನದು

ಗಲಾಟೆ ಮಾಡಿದ ಹುಡುಗನನ್ನು ಕಾಲೇಜಿನವರು ‘ರಸ್ಟಿಕೇಟ್’ ಮಾಡಿದರು ಎನ್ನುವುದು ನಮ್ಮಲ್ಲಿ ಎಷ್ಟು ಬಳಕೆಯ ಮಾತೆಂದರೆ, ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅದು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಹಳೆಯ ಸ್ವತ್ತು. ತಪ್ಪು ಮಾಡಿದವನನ್ನು ಕೆಲಕಾಲ ಕಾಲೇಜಿನಿಂದ ಹೊರಗಿಟ್ಟು ಹಳ್ಳಿಗಾಡಿಗೆ ಅಟ್ಟುವುದು ಎಂದು ಅದರ ಮೂಲ ಅರ್ಥ. ಊಟ, ನಿದ್ದೆ, ಓದು, ಗೆಳೆತನ ಎಲ್ಲವೂ ಕಾಲೇಜಿನ ಗೋಡೆಯೊಳಗೇ ಇದ್ದವನಿಗೆ ಅದು ದೊಡ್ಡ ಶಿಕ್ಷೆಯೇ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗನಿಗೆ ಅದೇ ಶಿಕ್ಷೆ ಕೊಟ್ಟರೆ ಅವನು ಹೋಗುವುದು ತನ್ನೂರಿಗೆ, ದಿನಾ ಸಂಜೆ ಹೇಗೂ ಹೋಗುವ ಮನೆಗೆ. ಪದ ಬಂತು, ಆ ಪದಕ್ಕೆ ಭಯ ತುಂಬುವ ಬದುಕು ಅದರ ಜೊತೆ ಬರಲಿಲ್ಲ. ನಮ್ಮ ಹಳೆಯ ವಿಶ್ವವಿದ್ಯಾನಿಲಯಗಳ ಆಚಾರ, ಆಡುಮಾತುಗಳ ಬಗ್ಗೆ ಯೋಚಿಸುವಾಗ ಈ ಅಂತರವನ್ನು ಮೊದಲು ಗಮನಿಸಬೇಕು. ಮೇಲಿನಿಂದ ತಂದು ತೊಡಿಸಿದ್ದು ಒಂದು, ಒಳಗಿನಿಂದ ಹುಟ್ಟಿದ್ದು ಇನ್ನೊಂದು. ನಮ್ಮಲ್ಲಿ ಒಳಗಿನಿಂದ ಹುಟ್ಟಿದ್ದೆಲ್ಲ ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಹುಟ್ಟಿತು, ತರಗತಿಯಲ್ಲೂ ಸೆನೆಟ್ಟಿನಲ್ಲೂ ಅಲ್ಲ ಎಂಬುದು ಈ ಲೇಖನದ ವಾದ.

ಆಕ್ಸ್‌ಫರ್ಡಿನ ಪದಗಳನ್ನೇ ಸ್ವಲ್ಪ ಬಿಡಿಸಿ ನೋಡಿದರೆ ಇದು ಅಲ್ಲಿಗೂ ಅನ್ವಯಿಸುತ್ತದೆ. ಅಲ್ಲಿ ಊಟ ವಸತಿಯ ಲೆಕ್ಕಕ್ಕೆ ‘ಬ್ಯಾಟಲ್ಸ್’, ಕೋಣೆ ಗುಡಿಸುವ ಆಳಿಗೆ ‘ಸ್ಕೌಟ್’, ಪಾನೀಯ ತಿಂಡಿ ಸಿಗುವ ಜಾಗಕ್ಕೆ ‘ಬಟರಿ’, ಮೇಷ್ಟರುಗಳ ಎತ್ತರದ ಊಟದ ಸಾಲಿಗೆ ‘ಹೈ ಟೇಬಲ್’ ಎನ್ನುತ್ತಾರೆ. ಊಟದ ಮಧ್ಯೆ ಮರ್ಯಾದೆ ತಪ್ಪಿದವನಿಗೆ ಬಿಯರು ಕುಡಿಸಿ ದಂಡ ಹಾಕುವುದು ‘ಸ್ಕಾನ್ಸ್’. ಪರೀಕ್ಷೆಗೆ ತೊಡುವ ಕಪ್ಪು ಬಿಳುಪು ಉಡುಪಿಗೂ ಒಂದು ಲ್ಯಾಟಿನ್ ಹೆಸರಿದೆ, ‘ಸಬ್ ಫಸ್ಕ್’. ಮೊದಲ ಪರೀಕ್ಷೆಗೆ ಬಿಳಿ ಹೂ, ನಡುವಿನವಕ್ಕೆ ಗುಲಾಬಿ ಬಣ್ಣದ್ದು, ಕೊನೆಯದಕ್ಕೆ ಕೆಂಪು ಹೂ ಅಂಗಿಗೆ ಸಿಕ್ಕಿಸಿಕೊಳ್ಳುವ ರೂಢಿಯಿದೆ. ಲೋಕವೆಲ್ಲ ಬಳಸುವ ‘ಸಾಕರ್’ ಎಂಬ ಪದವೂ ಅಲ್ಲಿನ ಹುಡುಗರು ಮಾತನ್ನು ಮೊಟಕು ಮಾಡಿ ಬಾಲ ಅಂಟಿಸುವ ಚಟದಿಂದ ಬಂದದ್ದೇ. ಇವುಗಳಲ್ಲಿ ಹೆಚ್ಚಿನವು ಪಾಠದ ಮಾತುಗಳಲ್ಲ. ತಟ್ಟೆ, ಕೋಣೆ, ಬಟ್ಟೆ, ಆಟದ ಮಾತುಗಳು. ಇದಕ್ಕೆ ಎದುರುಸಾಕ್ಷಿಯೂ ಇದೆ. 1836ರಲ್ಲಿ ಸ್ಥಾಪನೆಯಾದ ಲಂಡನ್ ವಿಶ್ವವಿದ್ಯಾಲಯ ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಷ್ಟೇ ಆಗಿತ್ತು. ಅದರ ಹೆಸರಿನಲ್ಲಿ ಇಂಥ ಪದಕೋಶವೊಂದು ಬೆಳೆಯಲಿಲ್ಲ. ವಯಸ್ಸು ಕಡಿಮೆಯೆಂದು ಹೇಳಬಹುದು. ಆದರೆ ಇನ್ನೂರು ವರ್ಷ ಸಾಕಾಗದಷ್ಟು ಆಡುಮಾತು ನಿಧಾನದ ಪ್ರಾಣಿಯೇನಲ್ಲ. ಒಟ್ಟಿಗೆ ಉಣ್ಣದವರಿಗೆ ಒಳಮಾತು ಬೇಕಾಗುವುದಿಲ್ಲ, ಅಷ್ಟೇ. 1857ರ ಕಲ್ಕತ್ತ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು ಈ ಲಂಡನ್ ಮಾದರಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳು ಆಗ ಮದ್ರಾಸಿನ ಬಾಲ ಹಿಡಿದುಕೊಂಡಿದ್ದವು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಆ ಬಾಲ ತುಂಡಾಯಿತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ, ಹಿಂದೆ ನಿಂತು ಒತ್ತಾಯಿಸಿದವರು ದಿವಾನ್ ವಿಶ್ವೇಶ್ವರಯ್ಯ. ಮೈಸೂರಿನಲ್ಲಿ ಕಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಎಂದು ಪಾಲಾಯಿತು. ಕಾಲೇಜುಗಳೇ ಕೂಡಿ ವಿಶ್ವವಿದ್ಯಾನಿಲಯವಾಗುವ ಈ ಏರ್ಪಾಡು ನಮ್ಮಲ್ಲಿ ಆಕ್ಸ್‌ಫರ್ಡಿಗೆ ಅತಿ ಹತ್ತಿರ ಬಂದದ್ದು. ಅದರ ಜೊತೆಗೆ ಗೌನು, ಹುಡ್ಡು, ಸೆನೆಟ್ಟು, ಮೆರವಣಿಗೆ ಎಲ್ಲವೂ ಬಂದವು. ಲಾಂಛನದಲ್ಲಿ ಗಂಡಭೇರುಂಡ ಕೂತಿತು, ಸಂಸ್ಕೃತದ ಧ್ಯೇಯವಾಕ್ಯ ಬಂತು. ಪದವಿ ಪ್ರದಾನಕ್ಕೆ ‘ಘಟಿಕೋತ್ಸವ’ ಎಂಬ ಚಂದದ ಹೆಸರೂ ಸಿಕ್ಕಿತು. ಘಟಿಕೆಯೆಂದರೆ ಪ್ರಾಚೀನ ಕಾಲದ ಉನ್ನತ ವಿದ್ಯಾಸ್ಥಾನ. ತಾಳಗುಂದದ ಶಾಸನ ಹೇಳುವಂತೆ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಆಕ್ಸ್‌ಫರ್ಡಿನಲ್ಲಿ ಹೆಂಡದಂಗಡಿಯ ಜಗಳವೊಂದು ಊರಿನವರಿಗೂ ವಿದ್ಯಾರ್ಥಿಗಳಿಗೂ ದೊಡ್ಡ ಕಾಳಗವಾದದ್ದು 1355ರಲ್ಲಿ. ವಿದ್ಯಾರ್ಥಿಗಳ ಜಗಳದಲ್ಲಿ ನಾವು ಅವರಿಗಿಂತ ಸಾವಿರ ವರ್ಷ ಮುಂದೆ ಎಂದು ಬೇಕಾದರೆ ಹೆಮ್ಮೆಪಡಬಹುದು, ನಮ್ಮದು ಒಂದು ರಾಜಮನೆತನವನ್ನೇ ಹುಟ್ಟಿಸಿತು. ಆದರೆ ಘಟಿಕೋತ್ಸವ ಎಂಬ ಹೆಸರಾಗಲಿ ಕಪ್ಪು ಗೌನಾಗಲಿ ವಿದ್ಯಾರ್ಥಿಯ ಬಾಯಿಮಾತಿಗೆ ಏನನ್ನೂ ಕೊಡಲಿಲ್ಲ. ಗೌನನ್ನು ಅವನು ಒಂದು ಗಂಟೆ ಬಾಡಿಗೆಗೆ ತೊಟ್ಟು ಫೋಟೋ ತೆಗೆಸಿಕೊಂಡು ವಾಪಸು ಕೊಟ್ಟ.

ಅವನು ವರ್ಷಗಟ್ಟಲೆ ತೊಟ್ಟು ಸವೆಸಿದ್ದು ಹಾಸ್ಟೆಲಿನ ಬದುಕನ್ನು. ಇಲ್ಲಿ ಆಕ್ಸ್‌ಫರ್ಡಿಗೂ ಮೈಸೂರಿಗೂ ದಾರಿ ಬೇರೆಯಾಗುತ್ತದೆ. ಅಲ್ಲಿ ಉಣಿಸುವುದು ಕಾಲೇಜೇ. ನಮ್ಮಲ್ಲಿ ಕಾಲೇಜು ಸರ್ಕಾರದ್ದು, ಊಟ ಮಾತ್ರ ಹೆಚ್ಚಾಗಿ ಸಮುದಾಯದ್ದು, ಮಠದ್ದು, ಪುಣ್ಯಾತ್ಮರೊಬ್ಬರ ದಾನದ್ದು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು; ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಾನ್ನದಲ್ಲಿ ಹೊಟ್ಟೆ ತುಂಬಬಹುದು, ಒಳಮಾತು ಹುಟ್ಟುವುದಿಲ್ಲ. ಪರರ ಮನೆಯ ಎಲೆಯ ಮುಂದೆ ಕೂತವನು ಬಾಯಿ ಮುಚ್ಚಿಕೊಂಡು ಉಣ್ಣಬೇಕು. ಉಳಿದವರಿಗೆ ವಾರಾನ್ನ ಸಿಗುವ ಮಾತೇ ಇರಲಿಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘ, ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ, ಸುತ್ತೂರು ಮಠ, ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳಿಗಾಗಿ ಪಟ್ಟ ಪಾಡು, ಇವೆಲ್ಲ ಸೇರಿ ಹಳ್ಳಿಯ ಹುಡುಗನಿಗೆ ಪೇಟೆಯಲ್ಲಿ ಒಂದು ಚಾಪೆಯಗಲ ಜಾಗ, ಎರಡು ಹೊತ್ತಿನ ಮುದ್ದೆ ಒದಗಿಸಿದವು. ರಾಮನಗರ ಸೀಮೆಯ ಹೆಸರುಗಳನ್ನೇ ತೆಗೆದುಕೊಳ್ಳಿ. ಮಾಗಡಿ ತಾಲ್ಲೂಕಿನ ವೀರಾಪುರದಿಂದ ಬಂದು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಇದ್ದದ್ದು ತೋಟದಪ್ಪನವರ ಹಾಸ್ಟೆಲಿನಲ್ಲಿ. ಅದೇ ಮಾಗಡಿಯ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ ಬೆಳೆದದ್ದು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ. ಒಬ್ಬರು ಹಾಸ್ಟೆಲಿನಲ್ಲಿ ಉಂಡು ಹೋಗಿ ಸಾವಿರಾರು ಮಕ್ಕಳಿಗೆ ಉಣಿಸಿದರು. ಇನ್ನೊಬ್ಬರು ಅದರ ಮಾತನ್ನೇ ಸಾಹಿತ್ಯ ಮಾಡಿದರು.

ಆ ಮಾತು ಎಂಥದು ಎಂದು ನೋಡೋಣ. ಪರೀಕ್ಷೆಯಲ್ಲಿ ಬಿದ್ದವನು ಗೋತಾ ಹೊಡೆದ, ಡುಮ್ಕಿ ಹೊಡೆದ, ಲಾಗ ಹಾಕಿದ. ಅರ್ಥವಾಗದ್ದನ್ನು ಬಾಯಿಗೆ ತುಂಬಿಕೊಂಡವನು ಗಟ್ಟು ಹೊಡೆದ, ಉರು ಹೊಡೆದ. ಮುಗಿಯದ ಪಾಠದವರು ಕೊರೆಯುತ್ತಾರೆ, ಕುಯ್ಯುತ್ತಾರೆ; ಅಂಥವರಿಗೆ ಬೈರಿಗೆ ಎಂದೇ ಹೆಸರು. ತರಗತಿಗೆ ಹೋಗದಿರುವುದು ಚಕ್ಕರ್ ಹೊಡೆಯುವುದು, ಸುಳ್ಳು ಹೇಳುವುದು ಕಾಗೆ ಹಾರಿಸುವುದು, ವಾರ್ಡನ್ನನ ಹಿಂದೆ ಸುತ್ತುವುದು ಬಕೆಟ್ ಹಿಡಿಯುವುದು. ಇವುಗಳಲ್ಲಿ ಎಲ್ಲವೂ ಹಾಸ್ಟೆಲಿನಲ್ಲೇ ಹುಟ್ಟಿದವಲ್ಲ. ಊರಿನಿಂದ ಬಂದು ಅಲ್ಲಿ ಹೊಸ ಕೆಲಸಕ್ಕೆ ಸೇರಿದವೇ ಹೆಚ್ಚು. ಗೋತಾ ಗಾಳಿಪಟದ್ದು, ಲಾಗ ಗರಡಿ ಮತ್ತು ಕೆರೆಯ ಏರಿಯದ್ದು, ಬೈರಿಗೆ ಬಡಗಿಯ ಮನೆಯದ್ದು. ಇನ್ನೊಂದು ಕಡೆ ಮೆಸ್ಸು, ವಾರ್ಡನ್, ಅಟೆಂಡೆನ್ಸು, ಫೀಸ್ಟು, ಡಿವೈಡಿಂಗ್ ಸಿಸ್ಟಮ್ಮು ಎಂಬ ಇಂಗ್ಲಿಷ್ ಸಾಲು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಒಪ್ಪಂದ ಕಾಣುತ್ತದೆ: ಆಳುವ, ಲೆಕ್ಕ ಹಾಕುವ ಸಂಗತಿಗಳಿಗೆ ಇಂಗ್ಲಿಷು; ಸೋಲುವ, ನಗುವ, ಮೈಗಳ್ಳತನ ಮಾಡುವ ಸಂಗತಿಗಳಿಗೆ ಕನ್ನಡ. ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷಿನಲ್ಲಿದ್ದ ಕಾಲದಲ್ಲಿ, ಫೇಲಾದ ನೋವನ್ನು ಗಾಳಿಪಟದ ಆಟವಾಗಿ ಮಾಡಿಕೊಳ್ಳಲು ಹುಡುಗನಿಗೆ ಸಿಕ್ಕ ಒಂದೇ ಜಾಗ ಹಾಸ್ಟೆಲಿನ ಜಗುಲಿ. ಬಂಕು, ಬ್ಯಾಕು, ಸಪ್ಲಿಗಳು ಈ ಸಾಲಿಗೆ ಸೇರಿದ್ದು ತಡವಾಗಿ, ಎಂಜಿನಿಯರಿಂಗ್ ಕಾಲೇಜುಗಳೂ ಸೆಮಿಸ್ಟರುಗಳೂ ಹೆಚ್ಚಿದ ಮೇಲೆ. ಈಗ ಸೋಲಿಗೂ ಇಂಗ್ಲಿಷ್ ಹೆಸರು ಬಂದಿದೆ. ಅದು ಲಾಭವೋ ನಷ್ಟವೋ ಎಂಬುದು ಬೇರೆ ಚರ್ಚೆ. ಬೈಟು ಕಾಫಿಯನ್ನು ಮಾತ್ರ ಇಲ್ಲಿ ಮರೆಯಬಾರದು. ಒಂದು ಲೋಟದ ದುಡ್ಡಿನಲ್ಲಿ ಇಬ್ಬರು, ಎರಡು ಲೋಟದ ದುಡ್ಡಿನಲ್ಲಿ ಮೂವರು ಕುಡಿಯುವ ಈ ಭಿನ್ನರಾಶಿ ಹೋಟೆಲಿನ ಮಾಣಿಗೂ ಬಾಯಿಪಾಠವಾಗಿದೆ. ಆಕ್ಸ್‌ಫರ್ಡಿನ ಬಿಯರು ದಂಡಕ್ಕಿಂತ ಇದು ಮೇಲಾದ ಆಚಾರವೆಂದೇ ನನ್ನ ಅಭಿಪ್ರಾಯ.

ಮೈಸೂರು ವಿಶ್ವವಿದ್ಯಾನಿಲಯದ ಆಚಾರಗಳಲ್ಲಿ ಅತ್ಯಂತ ಗಟ್ಟಿಯಾಗಿ ಉಳಿದದ್ದು ಬೇರೊಂದಿದೆ. ಅದು ಎಲ್ಲರ ಕಣ್ಣೆದುರೇ ಇರುವುದರಿಂದ ಆಚಾರವೆಂದು ಯಾರೂ ಎಣಿಸುವುದಿಲ್ಲ. ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ನೋಡಿ: ಬಿಎಂಶ್ರೀ, ತೀನಂಶ್ರೀ, ಡಿಎಲ್ಎನ್, ವೀಸೀ, ದೇಜಗೌ, ಹಾಮಾನಾ, ಜೀಶಂಪ, ಜಿಎಸ್ಎಸ್. ಮೇಷ್ಟರ ಹೆಸರನ್ನು ಪೂರ್ತಿ ಹೇಳಿದರೆ ಸಲಿಗೆ ಹೆಚ್ಚಾಯಿತು, ‘ಪ್ರೊಫೆಸರ್’ ಎಂದರೆ ದೂರ ಹೆಚ್ಚಾಯಿತು. ಮೊದಲಕ್ಷರಗಳನ್ನು ಕೂಡಿಸಿ ಒಂದೇ ಉಸಿರಿನಲ್ಲಿ ಹೇಳಿದರೆ ಗೌರವವೂ ಸಲುಗೆಯೂ ಒಟ್ಟಿಗೇ ನಿಂತವು. ಕಾಲೇಜಿನ ವೇಳಾಪಟ್ಟಿಯಲ್ಲಿ ಅಧ್ಯಾಪಕರ ಹೆಸರು ಮೊದಲಕ್ಷರಗಳಲ್ಲೇ ಇರುತ್ತದೆ ಎಂಬುದನ್ನು ನೆನೆದರೆ ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕುವೆಂಪು, ಪುತಿನ ಎಂಬವೂ ಹೀಗೇ ಅಲ್ಲವೇ, ಅವು ಕವಿಗಳೇ ಇಟ್ಟುಕೊಂಡ ಕಾವ್ಯನಾಮಗಳಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಕೆಲವು ಹಾಗೆ. ಆದರೆ ಕವಿತೆಯನ್ನೇ ಬರೆಯದ ವಿದ್ವಾಂಸರಿಗೂ ಸಂಪಾದಕರಿಗೂ ಆಡಳಿತಗಾರರಿಗೂ ಅದೇ ಅಚ್ಚು ಬಿದ್ದದ್ದು ಹೇಗೆ? ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ, ಅಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಹುಟ್ಟುಹಾಕಿದ ‘ಪ್ರಬುದ್ಧ ಕರ್ನಾಟಕ’, ಮಹಾರಾಜ ಕಾಲೇಜಿನ ಕನ್ನಡ ತರಗತಿಗಳು, ಇವುಗಳ ಸುತ್ತ ಬೆಳೆದ ಹುಡುಗರ ನಾಲಿಗೆಯಿಂದಲೇ ಅದು ಮುದ್ರಣಕ್ಕೆ ಏರಿತೆನ್ನುವುದು ಹೆಚ್ಚು ನಂಬುವಂಥ ವಿವರಣೆ. ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯ ದೇ. ಜವರೇಗೌಡರು ಮೈಸೂರಿನ ಕುಲಪತಿಯಾದಾಗಲೂ ನಾಡಿಗೆ ‘ದೇಜಗೌ’ ಆಗಿಯೇ ಉಳಿದರು. ವಿಶ್ವವಿದ್ಯಾನಿಲಯದ ಅತಿ ಎತ್ತರದ ಕುರ್ಚಿಗೂ ಹುಡುಗರ ಮೊಟಕುಮಾತು ಅಂಟಿಕೊಂಡೇ ಹೋಯಿತು. ಇದರ ಜೊತೆಗೆ ‘ಮೇಷ್ಟ್ರು’ ಎಂಬ ಸಂಬೋಧನೆಯನ್ನೂ ಸೇರಿಸಬೇಕು. ಹಳ್ಳಿಯ ಕೂಲಿಮಠದ ಗುರುವಿಗೂ ಮಾನಸಗಂಗೋತ್ರಿಯ ಪ್ರಾಧ್ಯಾಪಕರಿಗೂ ಒಂದೇ ಹೆಸರು. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಮಹಾರಾಜ ಕಾಲೇಜಿನ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಹೋದದ್ದನ್ನು ಸೆಪ್ಟೆಂಬರ್ ಐದರಂದು ಎಲ್ಲರೂ ಹೇಳುತ್ತಾರೆ. ಅದನ್ನು ಭಕ್ತಿಯ ಕಥೆಯಾಗಿ ಹೇಳುವುದಕ್ಕಿಂತ ಊರಿನ ಆಚಾರವಾಗಿ ನೋಡಿದರೆ ಹೆಚ್ಚು ತಿಳಿಯುತ್ತದೆ: ತೇರು ಎಳೆದು ಅಭ್ಯಾಸವಿದ್ದ ಕೈಗಳು ಮೇಷ್ಟರನ್ನೂ ಎಳೆದವು. ಯಾವ ಸೆನೆಟ್ಟೂ ಅದನ್ನು ಗೊತ್ತುಮಾಡಿರಲಿಲ್ಲ.

ಇನ್ನು ಉಚ್ಚಾರದ ಪ್ರಶ್ನೆ. ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಾಡಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೋಗುವುದು ಓಗುವುದಾಗುತ್ತದೆ, ಬಿಡು ಎಂಬುದು ಬುಡು. ಗೆಳೆಯನನ್ನು ಕರೆಯಲು ‘ಏನ್ಲಾ’, ‘ಬಾರ್ಲಾ’. ಮೈಸೂರು, ಬೆಂಗಳೂರಿನ ಪೇಟೆಯ ಕಿವಿಗೆ ಇದು ಒರಟು. ತರಗತಿಯಲ್ಲಿ ಎದ್ದು ಉತ್ತರ ಹೇಳಿದ ಹುಡುಗನ ಹಕಾರ ಬಿದ್ದುಹೋದರೆ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬರುತ್ತಿತ್ತು, ಈಗಲೂ ಬರುತ್ತದೆ. ಈ ಹುಡುಗನಿಗೆ ಇಂಗ್ಲಿಷೂ ಪರಭಾಷೆ, ಪುಸ್ತಕದ ಕನ್ನಡವೂ ಅರ್ಧ ಪರಭಾಷೆ. ಅವನು ಸಂಜೆ ಹಾಸ್ಟೆಲಿಗೆ ಬಂದಾಗ ಪಂಕ್ತಿಯಲ್ಲಿ ಇಪ್ಪತ್ತು ಮಂದಿ ‘ಏನ್ಲಾ’ ಎನ್ನುವವರಿದ್ದರು. ಅಲ್ಲಿ ಲೆಕ್ಕ ತಿರುಗಾಮುರುಗಾ: ಹಕಾರವನ್ನು ಒತ್ತಿ ನುಡಿಯುವವನೇ ನಗೆಪಾಟಲು. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಿಂದ ಮಹಾರಾಜ ಕಾಲೇಜಿಗೆ ಹೋಗಿ ಓದಿದ ಕೆಂಗಲ್ ಹನುಮಂತಯ್ಯನವರ ತಲೆಮಾರಿನಿಂದ ಹಿಡಿದು ಮೂರು ನಾಲ್ಕು ತಲೆಮಾರುಗಳು ಹೀಗೆ ಎರಡು ನಾಲಿಗೆಯನ್ನು ಸಾಕಿಕೊಂಡವು, ಹಗಲಿಗೊಂದು, ರಾತ್ರಿಗೊಂದು. ಆಕ್ಸ್‌ಫರ್ಡಿನ ಒಳಮಾತು ಹೊರಗಿನವನನ್ನು ಹೊರಗಿಡುವ ಬೇಲಿ. ಬ್ಯಾಟಲ್ಸ್ ಎಂದರೇನೆಂದು ಗೊತ್ತಿಲ್ಲದವನು ಅಲ್ಲಿಯವನಲ್ಲ. ನಮ್ಮ ಹಾಸ್ಟೆಲಿನ ಮಾತು, ಅದಾಗಲೇ ಹೊರಗುಳಿದವರು ಕಟ್ಟಿಕೊಂಡ ಜಗುಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ಬಿಟ್ಟುಬಿಡುತ್ತಾರೆ.

ಇಷ್ಟಕ್ಕೆಲ್ಲ ಮೊದಲ ಆಕ್ಷೇಪ ಪಂಡಿತರದು: ಇದು ಭಾಷೆಯ ಕೊಳೆ, ಇದನ್ನು ಗುಡಿಸಬೇಕೇ ಹೊರತು ಕೂಡಿಡಬಾರದು. ಇದಕ್ಕೆ ಟಿ.ಪಿ. ಕೈಲಾಸಂ ಎಂದೋ ಉತ್ತರ ಕೊಟ್ಟಿದ್ದಾರೆ. ಇಂಗ್ಲಿಷು ಓದಿದ ಮನೆಗಳ ಅರೆಬೆರಕೆ ಮಾತನ್ನು ರಂಗದ ಮೇಲೆ ತಂದು, ‘ಟೊಳ್ಳು ಗಟ್ಟಿ’ಯಲ್ಲಿ ಗಟ್ಟು ಹೊಡೆಯುವ ಓದಿನ ಟೊಳ್ಳನ್ನು ಅದೇ ಮಾತಿನಲ್ಲಿ ತೋರಿಸಿದರು. ಶುದ್ಧ ಕನ್ನಡದಲ್ಲಿ ಆ ಟೀಕೆ ಹುಟ್ಟುತ್ತಲೇ ಇರಲಿಲ್ಲ. ಇನ್ನೊಂದು ಮಾತು. ನಾವು ಗ್ರಾಮ್ಯವನ್ನು ಕೊಳೆ ಎನ್ನುವುದನ್ನು ಬಿಟ್ಟು ಬಹಳ ಕಾಲವಾಯಿತು. ಮೈಸೂರು ವಿಶ್ವವಿದ್ಯಾನಿಲಯವೇ ಜಾನಪದವನ್ನು ಓದಿನ ವಿಷಯ ಮಾಡಿತು, ಜಯಲಕ್ಷ್ಮೀ ವಿಲಾಸದಲ್ಲಿ ವಸ್ತುಸಂಗ್ರಹಾಲಯ ಕಟ್ಟಿತು. ರಾಮನಗರದ ಪಕ್ಕದಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕವನ್ನೇ ನಿಲ್ಲಿಸಿದರು. ಅಲ್ಲಿ ನೇಗಿಲಿಗೆ ಜಾಗವಿದೆ, ಬೀಸುವ ಕಲ್ಲಿಗೆ ಜಾಗವಿದೆ, ಸೋಬಾನೆ ಪದಗಳ ಧ್ವನಿಮುದ್ರಿಕೆಗೂ ಜಾಗವಿದೆ. ಆ ನೇಗಿಲು ಹೊಡೆದವನ ಮಗ ಹಾಸ್ಟೆಲಿನಲ್ಲಿ ಕೂತು ಕಟ್ಟಿದ ಮಾತಿಗೆ ಮಾತ್ರ ಜಾಗವಿಲ್ಲ, ಏಕೆಂದರೆ ಅವನು ಅಕ್ಷರಸ್ಥ. ಅಕ್ಷರ ಕಲಿತ ದಿನ ಮನುಷ್ಯ ಜನಪದದಿಂದ ನಿವೃತ್ತನಾಗುತ್ತಾನೆಂಬ ಈ ನಂಬಿಕೆಗೆ ಯಾವ ಆಧಾರವೂ ಇಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳ ಮಹಾಕಾರ್ಯ. ಅದು ಶಾಸನ, ಕಾವ್ಯಗಳನ್ನು ಜಾಲಾಡಿದ ಶ್ರದ್ಧೆಯಲ್ಲಿ ಒಂದಂಶವನ್ನು ಯಾರಾದರೂ ಹಾಸ್ಟೆಲಿನ ಬೀಳ್ಕೊಡುಗೆಯ ಆಟೋಗ್ರಾಫ್ ಪುಸ್ತಕಗಳಿಗೆ ಕೊಟ್ಟರೆ, ನಾ ಮುಂದೆ ತಾ ಮುಂದೆ ಎಂದು ಪದಗಳು ಬರುತ್ತವೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು, ಅದಕ್ಕೆ ಪೂರ್ತಿ ಉತ್ತರವಿಲ್ಲ. ಹಾಸ್ಟೆಲೆಂದು ಹೊಗಳುತ್ತೀರಿ, ಅದು ಜಾತಿಯ ಹಾಸ್ಟೆಲಲ್ಲವೇ? ಆಚಾರವೆಂದು ಹೇಳುತ್ತೀರಿ, ಜೂನಿಯರನನ್ನು ನಡುರಾತ್ರಿ ಎಬ್ಬಿಸಿ ಗೋಳುಹೊಯ್ದುಕೊಳ್ಳುವುದೂ ಆಚಾರವೇ ಅಲ್ಲವೇ? ಹೌದು. ಒಂದೇ ಪಂಕ್ತಿ ಎಂದಾಗ ಅದು ಹೆಚ್ಚಾಗಿ ಒಂದೇ ಜಾತಿಯ ಪಂಕ್ತಿ. ಒಳಮಾತು ಅಲ್ಲಿ ನೆಮ್ಮದಿ ಕೊಟ್ಟಿತು, ಪಕ್ಕದ ಹಾಸ್ಟೆಲಿನವನ ಬಗ್ಗೆ ಆಡಬಾರದ ಮಾತನ್ನೂ ಕಲಿಸಿತು. 1973ರ ಕೊನೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದು ಕೋಲಾಹಲವಾದಾಗ ಕಾಲೇಜುಗಳು ಒಡೆದು ನಿಂತವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ದನದ ಕೊಟ್ಟಿಗೆಯ ಒಂದು ಮಾತು ಕ್ಯಾಂಪಸ್ಸಿನಲ್ಲಿ ಬೈಗುಳವೂ ಆಯಿತು, ಬಾವುಟವೂ ಆಯಿತು. ಆ ಕಾಲದ ಹುಡುಗ ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದರೆ ಹಾಸ್ಟೆಲಿನ ಹಸಿವು, ಅವಮಾನ, ಪೋಲಿತನ ಎಲ್ಲವೂ ಒಂದೇ ತುಂಟ ದನಿಯಲ್ಲಿ ಬರುತ್ತವೆ. ಆ ದನಿಯೇ ಹಾಸ್ಟೆಲಿನ ಕೊಡುಗೆ. ಅವರು ಅದನ್ನು ಯಾವ ತರಗತಿಯಲ್ಲೂ ಕಲಿಯುವಂತಿರಲಿಲ್ಲ. ಗೋಳುಹೊಯ್ದುಕೊಳ್ಳುವ ಆಚಾರಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಅದನ್ನು ತಡೆಯುವ ಯುಜಿಸಿ ನಿಯಮ 2009ರಲ್ಲಿ ಬಂದದ್ದು ತಡವಾಯಿತೆಂದೇ ಹೇಳಬೇಕು. ಹೆಣ್ಣುಮಕ್ಕಳ ವಿಚಾರದಲ್ಲಿ ಈ ಪರಂಪರೆಯ ದೋಷ ಇನ್ನೂ ದೊಡ್ಡದು. ಆಕ್ಸ್‌ಫರ್ಡ್ ಅವರಿಗೆ ಪದವಿ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ಮೈಸೂರಿನ ಮಹಾರಾಣಿ ಕಾಲೇಜು ಆ ಮಟ್ಟಿಗೆ ನಾಚಬೇಕಾಗಿಲ್ಲ. ಆದರೆ ಸಂಜೆ ಗೇಟು ಬೀಳುವ ಹೊತ್ತಿನ ಬಗ್ಗೆ, ಮೇಟ್ರನ್ನರ ಬಗ್ಗೆ ಹುಡುಗಿಯರ ಹಾಸ್ಟೆಲಿನೊಳಗೆ ಹುಟ್ಟಿದ ಮಾತುಗಳು ಗಂಡಸರ ಆತ್ಮಕಥೆಗಳಲ್ಲಿ ಹೇಗೆ ತಾನೇ ಸಿಕ್ಕಾವು? ಮೇಲೆ ನಾನು ಕೊಟ್ಟ ಪದಗಳ ಪಟ್ಟಿಯೂ ಹೆಚ್ಚುಕಡಿಮೆ ಗಂಡುಹುಡುಗರದೇ.

ಮೂರನೆಯವರು ಸಿನಿಮಾದ ಕಡೆ ಬೊಟ್ಟು ಮಾಡುತ್ತಾರೆ. ಮಗಾ, ಗುರು, ಮಚ್ಚಾ, ಡವ್, ಬಿಲ್ಡಪ್ಪು ಎಲ್ಲವನ್ನೂ ಹುಡುಗರು ತೆರೆಯಿಂದ ಕಲಿಯುತ್ತಾರೆ, ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಮಾತು, ಇನ್ನೆಲ್ಲಿಯ ಹಾಸ್ಟೆಲ್ ವಿಶೇಷ? ಇದರಲ್ಲಿ ಅರ್ಧ ಸತ್ಯವಿದೆ. ಆದರೆ ಸಿನಿಮಾ ಎಲ್ಲಿಂದ ತಂತು? 2016ರ ‘ಕಿರಿಕ್ ಪಾರ್ಟಿ’ ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿತ್ರೀಕರಣವಾಯಿತು, ಕಥೆ ಹಾಸ್ಟೆಲಿನದು. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಹೆಸರಿನಲ್ಲೇ ತನ್ನ ಮೂಲ ಒಪ್ಪಿಕೊಂಡಿದೆ. ಸಿನಿಮಾ ಹಾಸ್ಟೆಲಿನಿಂದ ಸಾಲ ಪಡೆದು, ಪಾಲಿಶ್ ಮಾಡಿ, ಅದೇ ಹುಡುಗರಿಗೆ ಮಾರುತ್ತದೆ. ಈ ವ್ಯಾಪಾರದಲ್ಲಿ ಊರೂರಿನ ವಿಶೇಷ ಸವೆಯುತ್ತದೆ ಎನ್ನುವುದನ್ನು ಒಪ್ಪಬೇಕು. ಧಾರವಾಡದ ಖಾನಾವಳಿಯ ‘ಲೇ ದೋಸ್ತ’ನಿಗೂ ಕನಕಪುರದ ‘ಏನ್ಲಾ’ಗೂ ‘ಮಗಾ’ ಒಂದೇ ಪ್ಲಾಸ್ಟರು ಬಳಿದಿದೆ. ಬಳಿದದ್ದರ ಕೆಳಗೆ ಗೋಡೆಯಿಲ್ಲ ಎಂದು ಮಾತ್ರ ಹೇಳಲಾಗದು.

ಹಾಗಾದರೆ ಇವತ್ತು ಕೋಡಿಹಳ್ಳಿಯ ಕಡೆಯ ಮಕ್ಕಳು ಎಲ್ಲಿ ಮಾತು ಕಟ್ಟುತ್ತಾರೆ? ಕಾಲೇಜು ಊರಿನ ಹತ್ತಿರಕ್ಕೆ ಬಂದಂತೆಲ್ಲ ಹಾಸ್ಟೆಲು ಬೇಕಾದವರು ಕಡಿಮೆಯಾದರು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಶನ್ ಸೊಸೈಟಿಯ ಕಾಲೇಜು, ಜನರ ಬಾಯಲ್ಲಿ ಬರೀ ‘ರೂರಲ್ ಕಾಲೇಜು’, ಸುತ್ತಿನ ಹೋಬಳಿಗಳ ಹುಡುಗರಿಗೆ ಮನೆಯ ಮುದ್ದೆ ಉಂಡುಕೊಂಡೇ ಪದವಿ ಪಡೆಯುವ ದಾರಿ ತೆರೆಯಿತು. ಅದು ಸಣ್ಣ ಉಪಕಾರವಲ್ಲ. ಮೈಸೂರಿಗೆ ಹೋಗಿ ಓದುವ ಶಕ್ತಿ ಇಲ್ಲದ ಎಷ್ಟು ಮನೆಗಳಿಗೆ ಅದು ಮೊದಲ ಪದವೀಧರನನ್ನು ಕೊಟ್ಟಿತೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬಿಸಿಎಂ ಹಾಸ್ಟೆಲು, ಸಮಾಜ ಕಲ್ಯಾಣದ ಹಾಸ್ಟೆಲುಗಳು ಈಗಲೂ ತುಂಬಿವೆ, ಸಮುದಾಯದ ಹಾಸ್ಟೆಲುಗಳಿಗಿಂತ ಅಲ್ಲಿ ಪಂಕ್ತಿ ಹೆಚ್ಚು ಬೆರೆತದ್ದೂ ಹೌದು. ಆದರೆ ಬಹುಪಾಲು ಮಕ್ಕಳಿಗೆ ಪಂಕ್ತಿಯ ಜಾಗದಲ್ಲಿ ಬಂದದ್ದು ಬಸ್ಸು. ಕಿಟಕಿಯಿಂದ ಬ್ಯಾಗು ಎಸೆದು ಸೀಟು ಹಿಡಿಯುವುದು, ಹಿಂದಿನ ಬಾಗಿಲು ಯಾರದು ಮುಂದಿನ ಬಾಗಿಲು ಯಾರದು ಎಂಬ ಬರೆಯದ ಕಾನೂನು, ಪಾಸು ತೋರಿಸುವ ಗತ್ತು, ಫುಟ್‌ಬೋರ್ಡಿನ ಮೇಲಿನ ಹಿರಿತನ, ಇವು ಆಚಾರಗಳಲ್ಲದೆ ಮತ್ತೇನು?

ಬಸ್ಸಿಗೂ ಹಾಸ್ಟೆಲಿಗೂ ಇರುವ ವ್ಯತ್ಯಾಸ ಕಾಲದ್ದು. ಹಾಸ್ಟೆಲಿನಲ್ಲಿ ಮೂರನೇ ವರ್ಷದವನು ಮೊದಲ ವರ್ಷದವನ ಪಕ್ಕ ಉಂಡು, ಮಲಗಿ, ಹಳೆಯ ಮಾತನ್ನು ಹೊಸಬನಿಗೆ ಒಪ್ಪಿಸಿ ಹೋಗುತ್ತಾನೆ; ಹೀಗಾಗಿಯೇ ಒಂದು ಅಡ್ಡಹೆಸರು, ಆ ಮೇಷ್ಟರು ನಿವೃತ್ತರಾದ ಮೇಲೂ ಬದುಕಿರುತ್ತದೆ. ಬಸ್ಸಿನಲ್ಲಿ ಮಾತು ಹುಟ್ಟುತ್ತದೆ, ಇಳಿಯುವ ನಿಲ್ದಾಣದಲ್ಲಿ ಚದುರುತ್ತದೆ. ಕೂತ ಅರ್ಧ ಗಂಟೆಯೂ ಈಗ ಇಯರ್‌ಫೋನಿನ ಪಾಲು. ರೇಷ್ಮೆ ಸಾಕುವ ಮನೆಯಿಂದ ಬಂದವನ ನಾಲಿಗೆಯ ಮೇಲೆ ಹುಳುವಿನ ಜ್ವರ, ಹಣ್ಣಾದ ಹುಳು, ಚಂದ್ರಿಕೆ ಎಂಬ ಮಾತುಗಳು ಇದ್ದೇ ಇರುತ್ತವೆ. ಗಾಳಿಪಟದ ಗೋತಾ ಒಂದು ಕಾಲಕ್ಕೆ ಪರೀಕ್ಷೆಗೆ ಒದಗಿದ ಹಾಗೆ ಅವೂ ಸೆಮಿಸ್ಟರಿಗೆ ಒದಗಬಲ್ಲವು. ಒದಗಿಸುವುದಕ್ಕೆ ಸಂಜೆ ಉದ್ದವಾಗಿರಬೇಕು, ಕೇಳಿ ನಗುವ ಹತ್ತು ಮಂದಿ ನಾಳೆಯೂ ಅಲ್ಲೇ ಇರಬೇಕು. ಹೀಗೆಂದು ಬಸ್ಸನ್ನು ಪೂರ್ತಿ ಕೈಬಿಡಲು ಒಂದು ಸಂಗತಿ ಅಡ್ಡ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಆಧಾರ್ ಕಾರ್ಡು ತೋರಿಸಿ ದುಡ್ಡಿಲ್ಲದೆ ಬಸ್ಸು ಹತ್ತುತ್ತಿದ್ದಾರೆ. ಹಳೆಯ ಹಾಸ್ಟೆಲು ಅವರಿಗೆ ಸಂಜೆಯೇ ಗೇಟು ಹಾಕಿತ್ತು. ಸೀಟಿಗಾಗಿ ಜಗಳವಾಡುವ, ಕಂಡಕ್ಟರಿಗೆ ಅಡ್ಡಹೆಸರಿಡುವ, ಇಡೀ ಬಸ್ಸಿಗೆ ಕೇಳುವ ಹಾಗೆ ಮೇಷ್ಟರನ್ನು ಅಣಕಿಸುವ ಅವಕಾಶ ಅವರಿಗೆ ಇಷ್ಟು ಧಾರಾಳವಾಗಿ ಸಿಕ್ಕಿದ್ದು ಈಗಲೇ. ಅವರ ಗುಂಪು ಕಟ್ಟುತ್ತಿರುವ ಮಾತು ಗಂಡುಹುಡುಗರ ಹಳೆಯ ಪಟ್ಟಿಯ ನಕಲಾಗಿರಲಾರದು. ಪದವಿಗೆ ಪ್ರಬಂಧ ಬರೆಯಲು ವಿಷಯ ಹುಡುಕುತ್ತಿರುವ ಜಾನಪದ ವಿದ್ಯಾರ್ಥಿಗೆ ಜಾನಪದ ಲೋಕಕ್ಕಿಂತ ಮೊದಲು ಕನಕಪುರದ ಬಸ್ ನಿಲ್ದಾಣವನ್ನು ತೋರಿಸಬೇಕು, ಸಂಜೆ ಕಾಲೇಜು ಬಿಡುವ ಹೊತ್ತಿಗೆ.